ಗುಡ್ಡ ಬಿಚ್ಚಿದವರು, ರೇಡಿಯೋ ಬಿಚ್ಚಿದವರು

ಕುದುರೆಮುಖದ ಕಡೆ ಮನೆಯ ಸಾಮಾನು ಬಿಚ್ಚಿ ನೋಡುವುದಕ್ಕೆ ವಿಜ್ಞಾನದ ಹುಚ್ಚು ಇರಲೇಬೇಕು ಅಂತೇನಿಲ್ಲ, ಒಂದು ಮಳೆಗಾಲ ಸಾಕು. ವರ್ಷಕ್ಕೆ 6,000ದಿಂದ 7,000 ಮಿಲಿಮೀಟರ್ ಸುರಿಯುವ ಜಾಗ ಇದು. ಜೂನ್‌ನಲ್ಲಿ ಹಿಡಿದ ಮಳೆ ಚೌತಿ ಕಳೆದರೂ ಬಿಡುವುದಿಲ್ಲ. ಅಷ್ಟರಲ್ಲಿ ಬೀರುವಿನ ಸೀರೆಗೆ ಬೂಷ್ಟು ಬಂದಿರುತ್ತದೆ, ಬೆಂಕಿಪೊಟ್ಟಣ ಥಂಡಿ ಹಿಡಿದಿರುತ್ತದೆ, ಉಪ್ಪಿನ ಭರಣಿಯಲ್ಲಿ ನೀರು ನಿಂತಿರುತ್ತದೆ. ಮಿಕ್ಸಿ ಒಮ್ಮೆ ಗುಂಯ್ ಅಂದು ಸುಮ್ಮನಾಗುತ್ತದೆ, ಇಸ್ತ್ರಿಪೆಟ್ಟಿಗೆ ಮುಟ್ಟಿದರೆ ಜುಂ ಅನ್ನುತ್ತದೆ, ಟಾರ್ಚಿನ ಸ್ಪ್ರಿಂಗಿಗೆ ಹಸಿರು ಕಿಲುಬು. ರಿಪೇರಿ ಅಂಗಡಿ ಇರುವುದು ಕಳಸದಲ್ಲಿ. ಕಳಸದ ದಾರಿಯಲ್ಲಿ ಮರ ಬಿದ್ದಿರುತ್ತದೆ. ಮನೆಯಲ್ಲಿ ಯಾರಾದರೊಬ್ಬರು ಸ್ಕ್ರೂ ಡ್ರೈವರ್ ಹುಡುಕದೆ ವಿಧಿಯಿಲ್ಲ.

ಬಿಚ್ಚಿದ ಕೂಡಲೇ ಯಂತ್ರ ಕಾಣುತ್ತದೆ ಅಂದುಕೊಂಡರೆ ಅದೂ ಇಲ್ಲ. ಮೊದಲು ಕಾಣುವುದು ಅದರೊಳಗೆ ಒಕ್ಕಲು ಬಂದವರು. ಸ್ವಿಚ್ ಬೋರ್ಡಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟಿ, ಹುಟ್ಟಲಿರುವ ಮರಿಗೆ ಊಟಕ್ಕೆಂದು ಹಸಿರು ಹುಳುಗಳನ್ನು ತುಂಬಿಟ್ಟಿರುತ್ತದೆ. ಟೀವಿಯ ಬೋರ್ಡಿನ ಮೇಲೆ ಮುಂಗಾಲು ಒಂದು ಕಡೆ, ಹಿಂಗಾಲು ಇನ್ನೊಂದು ಕಡೆ ತಾಗಿಸಿ ಸತ್ತ ಹಲ್ಲಿ ಇರುತ್ತದೆ. ಎಲ್ಲರಿಗಿಂತ ಹೆಚ್ಚಾಗಿ ಸಣ್ಣ ಕೆಂಪಿರುವೆಗಳಿಗೆ ರೇಡಿಯೋ ಅಂದರೆ ಬಲು ಇಷ್ಟ. ಒಳಗೆ ಒಣಗಿದ ಜಾಗ, ಸ್ಪೀಕರಿನ ಮುಂದೆ ಹಗಲೂ ರಾತ್ರಿ ತೆರೆದಿಟ್ಟ ಜಾಲರಿ, ಇನ್ನೇನು ಬೇಕು! ವಾರ್ತೆ ಓದುವವರ ದನಿ ಸ್ವಲ್ಪ ಗೊಗ್ಗರಾದರೆ ಸಾಕು, ‘ಇರುವೆ ಮತ್ತೆ ಮೊಟ್ಟೆ ಇಟ್ಟಿದೆ ಕಾಣ್ತದೆ’ ಎಂದು ನನ್ನಜ್ಜಿ ಅಡುಗೆಮನೆಯಿಂದಲೇ ಹೇಳುತ್ತಿದ್ದರು. ಬಹಳ ಸಲ ಅವರ ಮಾತೇ ಸರಿಯಾಗುತ್ತಿತ್ತು.

ಇದಕ್ಕೆ ಹಳೆಯ ಮನೆಗಳಲ್ಲಿ ಮದ್ದು ಇತ್ತು. ಒಲೆಯ ಮೇಲಿನ ಅಟ್ಟದಲ್ಲಿ ವಾಟೆಹುಳಿ, ಹಪ್ಪಳ, ಬಿತ್ತನೆಯ ಸೌತೆಬೀಜ, ಅವುಗಳ ಪಕ್ಕದಲ್ಲಿ ರೇಡಿಯೋ. ಹೊಗೆ ಕುಡಿದು ಅದರ ಬಣ್ಣ ಬದಲಾದರೂ ಜೀವ ಗಟ್ಟಿ. ಗಣಿ ಕಂಪನಿಯ ಕ್ವಾರ್ಟರ್ಸಿನಲ್ಲಿ ಒಲೆಯಿಲ್ಲ, ಅಟ್ಟವಿಲ್ಲ. ಅಲ್ಲಿನವರು ಬೀರುವಿನ ಕೆಳಗಿನ ಖಾನೆಯಲ್ಲಿ 40 ಕ್ಯಾಂಡಲಿನ ಬಲ್ಬು ಉರಿಸಿ, ಅದರ ಮೇಲಿನ ಖಾನೆಯಲ್ಲಿ ಕ್ಯಾಮೆರಾ, ರೇಡಿಯೋ, ಮದುವೆ ಆಲ್ಬಂ ಇಡುತ್ತಿದ್ದರು. ಶೆಲ್ಲು ಇಳಿದರೆ ಬಿಸಿಲಿಗಿಟ್ಟು ಇನ್ನೆರಡು ದಿನ ಓಡಿಸುವುದು ಬಯಲುಸೀಮೆಯವರ ಉಪಾಯ. ನಮ್ಮಲ್ಲಿ ಬಿಸಿಲು ಎಲ್ಲಿಂದ ತರುವುದು? ಒಲೆಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದೆವು.

ನಾನು ಬೆಳೆದದ್ದು ಕುದುರೆಮುಖದ ಗಣಿಯವರ ಮಲ್ಲೇಶ್ವರದ ಟೌನ್‌ಶಿಪ್ಪಿನಲ್ಲಿ, ರಜೆ ಕಳೆದದ್ದು ಸಂಸೆ ಕಡೆಯ ಅಜ್ಜನ ಮನೆಯಲ್ಲಿ. ಅಜ್ಜನ ರೇಡಿಯೋಕ್ಕೆ ಗೋಡೆಯ ಗೂಡಿನಲ್ಲಿ ಒಂದು ಖಾಯಂ ಭಂಗಿ. ನೇರ ಕೂರಿಸುವ ಹಾಗಿಲ್ಲ, ತುಸು ಓರೆ. ಧೂಳು ಒರೆಸಲು ತೆಗೆದವರು ಮತ್ತೆ ಸರಿಯಾಗಿ ಇಡಲಿ ಎಂದು ಗೂಡಿನ ಹಲಗೆಯ ಮೇಲೆ ಸೀಮೆಸುಣ್ಣದ ಗೆರೆ. ನಾವು ಮಕ್ಕಳು ಅದನ್ನು ನಮ್ಮ ಕಡೆ ತಿರುಗಿಸಿಕೊಂಡರೆ ಜಗುಲಿಯಿಂದ ಕೂಗು: ‘ಅದನ್ನ ತಿರುಗಿಸ್ಬೇಡ ಮಾರಾಯ್ತಿ, ಭದ್ರಾವತಿ ಹೋಗ್ತದೆ!’ ಭದ್ರಾವತಿ ಆಕಾಶವಾಣಿಯ ಕೃಷಿಯ ಕಾರ್ಯಕ್ರಮ, ಪ್ರದೇಶ ಸಮಾಚಾರ ಎಲ್ಲವೂ ಅದೇ ಓರೆ ಭಂಗಿಯಲ್ಲಿ. ಬೆಂಗಳೂರು ಬೇಕೆಂದರೆ ಮಾತ್ರ ಅಜ್ಜನೇ ಎದ್ದು ಬಂದು ಎರಡು ಬೆರಳಿನಲ್ಲಿ ಅದನ್ನು ತಿರುಗಿಸುತ್ತಿದ್ದರು, ದೇವರ ಪೀಠ ಸರಿಸಿದಷ್ಟು ಎಚ್ಚರದಲ್ಲಿ.

ಯಾಕೆ ಹಾಗೆ ಎಂದರೆ ಊರಿನಲ್ಲಿ ಒಂದೇ ಉತ್ತರ: ‘ಕಬ್ಬಿಣದ ಗುಡ್ಡ ಅಲ್ವಾ, ಸ್ಟೇಶನ್ನೆಲ್ಲ ಎಳ್ಕೊಳ್ತದೆ.’ ಟೌನ್‌ಶಿಪ್ಪಿನಲ್ಲಿ ತಮಿಳರು, ಮಲಯಾಳಿಗಳು, ತೆಲುಗರು, ಬಿಹಾರದವರು ಎಲ್ಲರೂ ಇದ್ದರು, ಅವರವರ ಭಾಷೆಯ ಸ್ಟೇಶನ್ ಹಿಡಿಯಲು ಎಲ್ಲರದ್ದೂ ಒದ್ದಾಟ, ಎಲ್ಲರ ಬೈಗುಳವೂ ಆ ಗುಡ್ಡಕ್ಕೇ. ಪಾಪ, ಗುಡ್ಡದ ತಪ್ಪು ಅಷ್ಟಿಲ್ಲ. ಸುತ್ತ ಎದ್ದು ನಿಂತ ಬೆಟ್ಟಗಳ ನಡುವಿನ ಕಣಿವೆಗೆ ಹಗಲಿನಲ್ಲಿ ಮೀಡಿಯಂ ವೇವ್ ಬಳಲಿಕೊಂಡೇ ಬರಬೇಕು. ಒಳಗಿರುವುದು ಕಬ್ಬಿಣವಾದರೂ ಒಂದೇ, ಬೆಣಚುಕಲ್ಲಾದರೂ ಒಂದೇ. ಕತ್ತಲಾದ ಮೇಲೆ ಆಕಾಶದ ಎತ್ತರದ ಪದರಕ್ಕೆ ತಾಗಿ ವಾಪಸ್ ಬೀಳುವ ಅಲೆಗೆ ಬೆಟ್ಟದ ಹಂಗಿಲ್ಲ. ಅದಕ್ಕೇ ಮಧ್ಯಾಹ್ನ ಧಾರವಾಡ ಕೇಳದ ರೇಡಿಯೋದಲ್ಲಿ ರಾತ್ರಿ ಯಾವ್ಯಾವುದೋ ದೇಶದವರು ಜಗಳವಾಡುತ್ತಿದ್ದರು. ಆದರೆ ರೇಡಿಯೋಗೂ ಕಬ್ಬಿಣದ ಗುಡ್ಡಕ್ಕೂ ನಂಟಿದೆ ಎಂಬ ಊರಿನವರ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ನಂಟು ಹೊರಗಿರಲಿಲ್ಲ, ಡಬ್ಬಿಯ ಒಳಗಿತ್ತು.

ಅದನ್ನು ತೋರಿಸಿಕೊಟ್ಟವರು ಪಕ್ಕದ ಕ್ವಾರ್ಟರ್ಸಿನ ಅಂಕಲ್. ಕಾರ್ಖಾನೆಯ ಮೀಟರು, ಗೇಜುಗಳನ್ನು ನೋಡಿಕೊಳ್ಳುವ ವಿಭಾಗದಲ್ಲಿ ಕೆಲಸ, ಕೇರಳದವರು. ಭಾನುವಾರ ವರಾಂಡದಲ್ಲಿ ಮಾತೃಭೂಮಿ ಪೇಪರ್ ಹಾಸಿ ಕೂತರೆಂದರೆ ಕಾಲೋನಿಯ ಕೆಟ್ಟ ಸಾಮಾನೆಲ್ಲ ಅವರ ಮುಂದೆ. ದುಡ್ಡು ಮುಟ್ಟುತ್ತಿರಲಿಲ್ಲ, ಕಾಫಿ ಕೊಟ್ಟರೆ ಬೇಡ ಅನ್ನುತ್ತಿರಲಿಲ್ಲ. ಅಮ್ಮನಿಗೆ ನಾನು ಅಲ್ಲಿ ಹೋಗಿ ಕೂರುವುದು ಅಷ್ಟು ಸರಿಬರುತ್ತಿರಲಿಲ್ಲ, ‘ಹುಡುಗಿಯಾಗಿ ಎಂತದು ಅದು ಸ್ಕ್ರೂ ತಿರುಗಿಸೋದು’ ಎಂದು ಗೊಣಗುತ್ತಿದ್ದಳು, ತನ್ನ ಮಿಕ್ಸಿ ನಿಂತ ದಿನ ಬಿಟ್ಟು.

‘ಸ್ಕ್ರೂ ಎಲ್ಲಾ ಒಂದೇ ಕಡೆ ಹಾಕ್ಬಾರ್ದು ಮೋಳೇ.’ ಇದು ಅವರ ಮೊದಲ ಪಾಠ. ಪೇಪರಿನ ಮೇಲೆ ರೇಡಿಯೋದ ಆಕಾರ ಬರೆದು, ಯಾವ ಮೂಲೆಯ ಸ್ಕ್ರೂವೋ ಆ ಮೂಲೆಯಲ್ಲೇ ಇಡಬೇಕು. ಹಿಂಬದಿಯ ಮುಚ್ಚಳಕ್ಕೆ ಕಾಣುವ ಸ್ಕ್ರೂ ಎರಡಾದರೆ, ಕಾಣದ ಒಂದು ಶೆಲ್ಲಿನ ಗೂಡಿನೊಳಗೆ ಅಡಗಿರುತ್ತದೆ. ಅದನ್ನು ತೆಗೆಯದೆ ಮುಚ್ಚಳ ಎಳೆದವರ ರೇಡಿಯೋಗಳೆಲ್ಲ ಊರಲ್ಲಿ ರಬ್ಬರ್ ಬ್ಯಾಂಡ್ ಕಟ್ಟಿಕೊಂಡು ಓಡಾಡುತ್ತಿದ್ದವು. ಮುಚ್ಚಳ ತೆಗೆದರೆ ಕಂದು ಹಲಗೆ, ಅದರ ಮೇಲೆ ಸಕ್ಕರೆ ಮಿಠಾಯಿಯ ಬಣ್ಣದ ಬಿಡಿಗಳು, ಬೆಂಗಳೂರಿನ ಬಿಇಎಲ್ ಕಾರ್ಖಾನೆಯ ಟ್ರಾನ್ಸಿಸ್ಟರುಗಳು, ಚೌಕದ ತಗಡಿನ ಡಬ್ಬಿಗಳು. ಡಬ್ಬಿಗಳ ನೆತ್ತಿಗೆ ಕೆಂಪು, ಹಳದಿ, ಬಿಳಿ, ಕಪ್ಪು ಬಣ್ಣ. ‘ಇದಕ್ಕೆ ಮಾತ್ರ ಕೈ ಹಾಕ್ಬೇಡ’ ಎಂದು ಆ ಬಣ್ಣದ ತಿರುಪುಗಳನ್ನು ತೋರಿಸುತ್ತಿದ್ದರು. ಹೊರಗಿಂದ ನೋಡಿದರೆ ಇಡೀ ರೇಡಿಯೋದಲ್ಲಿ ತಿರುಗಿಸಬೇಕು ಅನ್ನಿಸುವುದು ಅವು ಮಾತ್ರ.

ಎರಡನೆಯ ಪಾಠ ನನಗೆ ಈಗಲೂ ದೊಡ್ಡದು. ಕೆಟ್ಟ ರೇಡಿಯೋವನ್ನು ಅಂಕಲ್ ಬಾಲದಿಂದ ತಲೆಯ ಕಡೆಗೆ ನೋಡುತ್ತಿದ್ದರು. ಮೊದಲು ಒಂದು ಶೆಲ್ಲಿಗೆ ಎರಡು ತಂತಿ ಹಿಡಿದು ಸ್ಪೀಕರಿನ ಕಿವಿಗಳಿಗೆ ಮುಟ್ಟಿಸುವುದು. ‘ಟಕ್’ ಅಂದರೆ ಸ್ಪೀಕರ್ ಬದುಕಿದೆ. ಮುಟ್ಟಿಸಿದಾಗ ಅದರ ಕಾಗದದ ಬಟ್ಟಲು ಮುಂದಕ್ಕೆ ಜಿಗಿಯುತ್ತದೆ. ತಂತಿ ಅದಲುಬದಲು ಮಾಡಿದರೆ ಹಿಂದಕ್ಕೆ ಸರಿಯುತ್ತದೆ. ಬೆರಳಿಟ್ಟರೆ ತಿಳಿಯುತ್ತದೆ. ಮಾತು ಅಂದರೆ ಇಷ್ಟೇ, ಒಂದು ಕಾಗದ ಹಿಂದೆ ಮುಂದೆ ಹೋಗುವುದು ಎಂದು ಬೆರಳಿಗೆ ಗೊತ್ತಾದ ಮೇಲೆ ಪುಸ್ತಕದಲ್ಲಿ ಓದುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಸ್ಪೀಕರ್ ಸರಿಯಿದ್ದರೆ ವಾಲ್ಯೂಮಿನ ನಡುಗಾಲಿಗೆ ಸ್ಕ್ರೂ ಡ್ರೈವರಿನ ತುದಿ ಮುಟ್ಟಿಸಿ, ಅದರ ಲೋಹದ ಕಡ್ಡಿಗೆ ಬೆರಳು ತಾಗಿಸುವುದು. ಗುಂಯ್ ಎಂದರೆ ಅಲ್ಲಿಂದಾಚೆ ಎಲ್ಲ ಸರಿ. ಆ ಗುಂಯ್ ನಮ್ಮದೇ ಮೈಯದು. ಮನೆಯ ಗೋಡೆಯೊಳಗೆ ಓಡುವ ಕರೆಂಟಿನ ಗುಂಗನ್ನು ಮೈ ಹಿಡಿದು ರೇಡಿಯೋಗೆ ದಾಟಿಸುತ್ತದೆ. ಹೀಗೆ ಒಂದೊಂದೇ ಮನೆ ಹಿಂದಕ್ಕೆ ಸರಿಯುತ್ತ ಹೋದರೆ, ಎಲ್ಲಿ ಸದ್ದು ನಿಲ್ಲುತ್ತದೋ ಅಲ್ಲಿ ರೋಗ. ಚೆನ್ನಾಗಿ ಹಾಡುತ್ತಿರುವ ರೇಡಿಯೋ ಬಿಚ್ಚಿದರೆ ಇದ್ಯಾವುದೂ ಕಾಣುವುದಿಲ್ಲ. ಸರಿಯಿರುವ ಯಂತ್ರ ಬಾಯಿ ಬಿಡುವುದಿಲ್ಲ. ಕೆಟ್ಟದ್ದು ತಾನು ಹೇಗೆ ನಡೆಯುತ್ತಿದ್ದೆ ಎಂದು ಹಂತ ಹಂತವಾಗಿ ಹೇಳುತ್ತದೆ. ಮಲೆನಾಡಿನ ಮಳೆ ನಮಗೆ ಕೆಟ್ಟ ಯಂತ್ರಗಳನ್ನು ಧಾರಾಳವಾಗಿ ಒದಗಿಸುತ್ತಿತ್ತು.

ಎಲ್ಲದರ ಮೇಲೆ, ರೇಡಿಯೋದ ಉದ್ದಕ್ಕೂ ಮಲಗಿತ್ತು ಒಂದು ಕಪ್ಪು ಕಡ್ಡಿ. ಪೆನ್ಸಿಲಿನಷ್ಟು ದಪ್ಪ, ಅದಕ್ಕಿಂತ ಭಾರ. ಒಂದು ತುದಿಗೆ ಕಾಗದದ ಕೊಳವೆ, ಅದರ ಮೇಲೆ ಕೂದಲೆಳೆಯ ತಾಮ್ರದ ತಂತಿ ಸುತ್ತಿ ಮೇಣ ಹಾಕಿ ಕೂರಿಸಿದ್ದರು. ಮೀಡಿಯಂ ವೇವಿಗೆ ಅದೇ ಏರಿಯಲ್. ನಾವು ಎಳೆದು ಉದ್ದ ಮಾಡುತ್ತಿದ್ದ ಹೊಳೆಯುವ ಕೊಳವೆಗೂ ಭದ್ರಾವತಿಗೂ ಸಂಬಂಧವೇ ಇಲ್ಲ, ಅದು ಶಾರ್ಟ್ ವೇವಿನದು. ಕಡ್ಡಿಯ ಗುಣವೆಂದರೆ, ಅಲೆ ತನ್ನ ಪಕ್ಕೆಗೆ ಬಂದು ತಾಗಿದರೆ ಚೆನ್ನಾಗಿ ಹಿಡಿಯುತ್ತದೆ, ತುದಿಯ ಕಡೆಯಿಂದ ಬಂದರೆ ಹಿಡಿಯುವುದೇ ಇಲ್ಲ. ಅಂದರೆ ರೇಡಿಯೋದ ಮುಖವೋ ಬೆನ್ನೋ ಸ್ಟೇಶನ್ನಿಗೆ ಎದುರಾಗಿರಬೇಕು. ಇದು ತಿಳಿದ ದಿನ ಅಜ್ಜನ ಮನೆಯ ಸೀಮೆಸುಣ್ಣದ ಗೆರೆ ನನಗೆ ಅರ್ಥವಾಯಿತು. ಭೂಪಟ ಹರಡಿ ನೋಡಿ: ನಮ್ಮಿಂದ ಭದ್ರಾವತಿ ಈಶಾನ್ಯಕ್ಕೆ. ಅಜ್ಜನ ರೇಡಿಯೋ ಬೆನ್ನನ್ನು ಭದ್ರಾವತಿಗೆ ಕೊಟ್ಟು ಕೂತಿತ್ತು. 675 ಕಿಲೋಹರ್ಟ್ಸ್‌ನಲ್ಲಿ ಭದ್ರಾವತಿ ಆ ಭಂಗಿಯಲ್ಲಿ ಸಲೀಸು. ಬೆಂಗಳೂರು ಪೂರ್ವಕ್ಕಿದೆ, ಹಾಗಾಗಿ 612ಕ್ಕೆ ಮುಳ್ಳು ತಂದರೆ ಸಾಲದು, ಡಬ್ಬಿಯನ್ನೂ ತಿರುಗಿಸಬೇಕು. ಈ ಭೌತಶಾಸ್ತ್ರದ ಒಂದಕ್ಷರವನ್ನೂ ಕೇಳದ ಅಜ್ಜ ಕಿವಿಯೊಂದರಿಂದಲೇ ಆ ಕೋನವನ್ನು ಕಂಡುಹಿಡಿದು ಹಲಗೆಗೆ ಗೆರೆ ಎಳೆದಿದ್ದರು. ನಾನು ಹೋಗಿ ವಿವರಿಸಿದಾಗ ‘ಹೌದಾ’ ಅಂದರು. ಗೆರೆಯನ್ನು ಅಳಿಸಲು ಬಿಡಲಿಲ್ಲ.

ಡಯಲ್ ದಾರದ ಬಗ್ಗೆ ಹೇಳದಿದ್ದರೆ ರೇಡಿಯೋ ಬಿಚ್ಚಿದವರು ಯಾರೂ ನನ್ನನ್ನು ಕ್ಷಮಿಸುವುದಿಲ್ಲ. ಟ್ಯೂನಿಂಗ್ ಗುಬುಟು ತಿರುಗಿಸಿದರೆ ಕೆಂಪು ಮುಳ್ಳು ಅಡ್ಡಡ್ಡ ಓಡುತ್ತದಲ್ಲ, ಅದನ್ನು ಓಡಿಸುವುದು ಒಂದು ನೈಲಾನ್ ದಾರ. ಗುಬುಟಿನ ಕಡ್ಡಿಗೆ ಎರಡು ಮೂರು ಸುತ್ತು, ಅಲ್ಲಿಂದ ಮೂಲೆಯ ಪುಟ್ಟ ರಾಟೆ, ಅಲ್ಲಿಂದ ಮುಳ್ಳಿನ ಬೆನ್ನು, ಇನ್ನೊಂದು ರಾಟೆ, ಕೊನೆಗೆ ದೊಡ್ಡ ಚಕ್ರ, ಚಕ್ರದೊಳಗೆ ದಾರವನ್ನು ಬಿಗಿ ಹಿಡಿದ ಒಂದು ಸ್ಪ್ರಿಂಗ್. ಇಡೀ ರೇಡಿಯೋದಲ್ಲಿ ಇಷ್ಟು ಸರಳವಾದದ್ದು ಬೇರೆ ಇಲ್ಲ. ಮಳೆಗಾಲದಲ್ಲಿ ದಾರ ಸಡಿಲವಾಗುತ್ತದೆ, ಜಾರುತ್ತದೆ. ಒಂದು ಸಲ ಕಳಚಿತೋ, ವಾಪಸ್ ಸುತ್ತಲು ನಾಲ್ಕು ಕೈ ಬೇಕು, ದೇವರು ಕೊಟ್ಟದ್ದು ಎರಡು. ಟ್ರಾನ್ಸಿಸ್ಟರ್ ಬದಲಿಸುವಾಗ ಸಣ್ಣಗೆ ಹಾಡು ಗುನುಗುತ್ತಿದ್ದ ಅಂಕಲ್, ದಾರ ಸುತ್ತುವಾಗ ಮಾತ್ರ ಯಾರೂ ಮಾತಾಡಬಾರದು ಅನ್ನುತ್ತಿದ್ದರು. ಕೊನೆಯ ರಾಟೆಗೆ ಏರಿಸುವ ಹೊತ್ತಿಗೆ ಮೊದಲನೆಯದರಿಂದ ಪುಳಕ್ಕನೆ ಜಾರಿ ಇಡೀ ದಾರ ಮಡಿಲಿಗೆ ಬೀಳುವುದು. ಆಗ ಅವರು ಎದ್ದು ಹೋಗಿ ಅಂಗಳದ ದಾಸವಾಳಕ್ಕೆ ನೀರು ಹಾಕಿ ಬರುತ್ತಿದ್ದರು. ಹೊರಗೆ ಮಳೆ ಹೊಯ್ಯುತ್ತಿದ್ದರೂ.

ಸತ್ತೇ ಹೋದ ರೇಡಿಯೋಗಳ ಸ್ಪೀಕರ್ ಮಕ್ಕಳ ಪಾಲು. ಥಂಡಿಗೆ ಅದರ ಕಾಗದ ಮೆತ್ತಗಾಗಿ, ಒಳಗಿನ ಸುರುಳಿ ಒಂದು ಕಡೆ ಉಜ್ಜಿ, ಕರಕರ ಅಂದು ಪ್ರಾಣ ಬಿಟ್ಟಿರುತ್ತದೆ. ಹಿಂಬದಿಯ ತಗಡಿಗೆ ಮೆಲ್ಲನೆ ಸುತ್ತಿಗೆ ಕೊಟ್ಟರೆ ಕಪ್ಪು ಬಳೆಯಂಥ ಮ್ಯಾಗ್ನೆಟ್ ಕೈಗೆ ಬರುತ್ತದೆ. ಅದನ್ನು ಹಿಡಿದು ನಾವು ಓಡುತ್ತಿದ್ದದ್ದು ಭದ್ರಾ ಹೊಳೆಗೆ. ಬೇಸಿಗೆಯಲ್ಲಿ ನೀರು ಇಳಿದು ಮರಳು ಬಿಟ್ಟಿರುತ್ತದೆ, ಮರಳಿನಲ್ಲಿ ಅಲ್ಲಲ್ಲಿ ಕಪ್ಪು ಗೆರೆ. ದಾರ ಕಟ್ಟಿ ಎಳೆದರೆ ಮ್ಯಾಗ್ನೆಟ್ಟಿನ ಸುತ್ತ ಕಪ್ಪು ಹರಳು ಮುಳ್ಳುಮುಳ್ಳಾಗಿ ನಿಲ್ಲುತ್ತಿತ್ತು. ಚೆಂದವೇನೋ ಹೌದು, ಆದರೆ ಅಂಟಿದ ಪುಡಿಯನ್ನು ಬಿಡಿಸುವುದು ಯಾರಿಂದಲೂ ಆಗದ ಕೆಲಸ. ಉಜ್ಜಿದಷ್ಟೂ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿದು ಕೂರುತ್ತದೆ. ಅನುಭವಸ್ಥ ಹುಡುಗರು ಮ್ಯಾಗ್ನೆಟ್ಟನ್ನು ಮೊದಲು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಎಳೆಯುತ್ತಿದ್ದರು. ಕೊನೆಗೆ ಕವರಿನಿಂದ ಮ್ಯಾಗ್ನೆಟ್ ಈಚೆ ತೆಗೆದರೆ ಪುಡಿ ತಾನಾಗಿಯೇ ಉದುರುತ್ತದೆ. ಹಾರ್ಲಿಕ್ಸ್ ಬಾಟಲಿಯಲ್ಲಿ ಅದನ್ನು ತುಂಬಿ ಕಿಟಕಿಯಲ್ಲಿ ಇಟ್ಟುಕೊಳ್ಳುವುದು ನಮ್ಮ ಕಾಲೋನಿಯ ಪುಟ್ಟ ಶ್ರೀಮಂತಿಕೆ.

ಅಪ್ಪ ಒಂದು ದಿನ ಆ ಬಾಟಲಿ ನೋಡಿ ನಕ್ಕುಬಿಟ್ಟರು. ‘ನೀವು ಮಾಡ್ತಿರೋದೇ ನಾವೂ ಮಾಡ್ತಿರೋದು.’ ಸುಳ್ಳಲ್ಲ. ಕುದುರೆಮುಖದ ಅದಿರು ಮ್ಯಾಗ್ನೆಟೈಟ್. ಗುಡ್ಡದಲ್ಲಿ ಅದರ ಕಬ್ಬಿಣದ ಅಂಶ ನೂರಕ್ಕೆ ಸುಮಾರು 38. ಬಂಡೆಯನ್ನು ಗಿರಣಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, ತಿರುಗುವ ಪೀಪಾಯಿಗಳ ಮೇಲೆ ಹಾಯಿಸುತ್ತಿದ್ದರು. ಪೀಪಾಯಿ ತಿರುಗುತ್ತದೆ, ಅದರೊಳಗಿನ ಮ್ಯಾಗ್ನೆಟ್ ಮಾತ್ರ ಒಂದು ಪಕ್ಕಕ್ಕೆ ನಿಂತೇ ಇರುತ್ತದೆ. ಅದಿರಿನ ಕಣ ಪೀಪಾಯಿಗೆ ಅಂಟಿ ಸುತ್ತುತ್ತ ಮ್ಯಾಗ್ನೆಟ್ ಇಲ್ಲದ ಕಡೆಗೆ ಬಂದಾಗ ಉದುರುತ್ತದೆ. ಮರಳು ಮೊದಲೇ ಹರಿದು ಹೋಗಿರುತ್ತದೆ. ನಮ್ಮ ಪ್ಲಾಸ್ಟಿಕ್ ಕವರಿನ ಉಪಾಯವೇ. ಹಾಗೆ ಸೋಸಿದ್ದರಲ್ಲಿ ಕಬ್ಬಿಣ ನೂರಕ್ಕೆ 67. ಅದನ್ನು ಗಂಜಿಯ ಹದದಲ್ಲಿ 67 ಕಿಲೋಮೀಟರ್ ಉದ್ದದ ಕೊಳವೆಗೆ ಬಿಟ್ಟರೆ ಘಟ್ಟ ಇಳಿದು ಮಂಗಳೂರಿನ ಪಣಂಬೂರು ಸೇರುತ್ತಿತ್ತು. ಲಾರಿಯಿಲ್ಲ, ರೈಲಿಲ್ಲ.

ಅಂಕಲ್ ಹತ್ತಿರ ಒಂದು ಒಗಟಿತ್ತು. ಕಪ್ಪು ಮ್ಯಾಗ್ನೆಟ್, ಕಪ್ಪು ಏರಿಯಲ್ ಕಡ್ಡಿ, ಎರಡನ್ನೂ ಪಕ್ಕದಲ್ಲಿಟ್ಟು ಗುಂಡುಪಿನ್ನು ಕೊಡುತ್ತಿದ್ದರು. ನೋಡಲು ಎರಡೂ ಒಂದೇ ಮಣ್ಣಿನವು. ಬಿದ್ದರೆ ಹೆಂಚಿನ ಹಾಗೆ ಟಣ್ಣನೆ ಒಡೆಯುತ್ತವೆ. ಪಿನ್ನು ಒಂದಕ್ಕೆ ಹಾರಿ ಕಚ್ಚುತ್ತದೆ, ಇನ್ನೊಂದು ತನಗೆ ಸಂಬಂಧವೇ ಇಲ್ಲವೆಂಬಂತೆ ಇರುತ್ತದೆ. ಆದರೆ ಕಡ್ಡಿಯನ್ನು ಮ್ಯಾಗ್ನೆಟ್ಟಿನ ಹತ್ತಿರ ತಂದರೆ ಓಡಿ ಬಂದು ಅಂಟುತ್ತದೆ. ಯಾಕೆ? ಎರಡೂ ಫೆರೈಟ್, ಎರಡೂ ಮುಖ್ಯವಾಗಿ ಕಬ್ಬಿಣದ ಆಕ್ಸೈಡು, ಅಂದರೆ ಒಂದು ಬಗೆಯ ತುಕ್ಕು. ಬೇರಿಯಂ ಅಥವಾ ಸ್ಟ್ರಾನ್ಷಿಯಂ ಬೆರೆಸಿ, ಒತ್ತಿ, ಕುಂಬಾರನ ಆವಿಗೆಯಂತೆ ಸುಟ್ಟರೆ ಹಟಮಾರಿ ಫೆರೈಟ್ ಆಗುತ್ತದೆ, ಒಮ್ಮೆ ಹಿಡಿದ ಅಯಸ್ಕಾಂತ ಗುಣವನ್ನು ಬಿಡುವುದಿಲ್ಲ. ಮ್ಯಾಂಗನೀಸ್, ನಿಕ್ಕಲ್, ಸತು ಬೆರೆಸಿದರೆ ಮೆದು ಫೆರೈಟ್, ಹಿಡಿದದ್ದನ್ನು ಕೂಡಲೇ ಮರೆಯುತ್ತದೆ. ಸ್ಪೀಕರಿಗೆ ಹಟಮಾರಿಯೇ ಬೇಕು. ಏರಿಯಲ್ಲಿಗೆ ಮರೆಗುಳಿ ಬೇಕು. ಭದ್ರಾವತಿಯ ಅಲೆ ಸೆಕೆಂಡಿಗೆ 6,75,000 ಸಲ ಹಿಂದೆ ಮುಂದೆ ತೂಗುವಾಗ ಅಷ್ಟೂ ಸಲ ಹಿಂದಿನದನ್ನು ಮರೆತು ಹೊಸದಕ್ಕೆ ಬಾಗಬೇಕಲ್ಲ. ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದವರು ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಇವುಗಳನ್ನು ಹದಕ್ಕೆ ತಂದ ಮೇಲೆಯೇ ರೇಡಿಯೋ ಕಂಕುಳಲ್ಲಿ ಇಟ್ಟುಕೊಂಡು ತೋಟಕ್ಕೆ ಹೋಗುವಷ್ಟು ಸಣ್ಣದಾದದ್ದು.

ಟೇಪ್ ರೆಕಾರ್ಡರ್ ಇರುವ ಟು-ಇನ್-ಒನ್ ಬಂದ ಮೇಲೆ ಅಲ್ಲೂ ಅದೇ. ಕ್ಯಾಸೆಟ್ಟಿನ ಕಂದು ಪಟ್ಟಿಗೆ ಬಳಿದದ್ದು ಕಬ್ಬಿಣದ ಆಕ್ಸೈಡು. ಹಾಡು ಮಂಕಾದರೆ ಹತ್ತಿಗೆ ಸ್ಪಿರಿಟ್ ಹಚ್ಚಿ ಹೆಡ್ ಒರೆಸುತ್ತಿದ್ದೆವು, ಹತ್ತಿಗೆ ಬರುತ್ತಿದ್ದ ಕಂದು ಕಲೆ ನಮ್ಮ ಅಂಗಳದ ಮಣ್ಣಿನ ಬಣ್ಣವೇ. ರಾಜ್‌ಕುಮಾರ್ ಹಾಡಿದರೂ, ಯೇಸುದಾಸ್ ಹಾಡಿದರೂ ಹಿಡಿದಿಟ್ಟದ್ದು ತುಕ್ಕು. ಹಾಗೆಂದು ಕುದುರೆಮುಖದ ಅದಿರೇ ನಮ್ಮ ರೇಡಿಯೋದಲ್ಲಿತ್ತು ಎಂದು ಬಡಾಯಿ ಕೊಚ್ಚುವುದಿಲ್ಲ. ಅದು ಉಂಡೆಯಾಗಿ ಉಕ್ಕಿನ ಕುಲುಮೆಗಳಿಗೆ ಹೋಗುತ್ತಿತ್ತು. ಆದರೆ ಗುಡ್ಡವನ್ನು ಬಿಚ್ಚುವ ಊರಿನಲ್ಲಿ ಕೂತು ರೇಡಿಯೋ ಬಿಚ್ಚಿದವಳಿಗೆ ಎರಡರೊಳಗೂ ಒಂದೇ ಸಾಮಾನು ಸಿಕ್ಕಿತು ಎಂಬುದಷ್ಟು ನಿಜ.

ಗುಡ್ಡ ಬಿಚ್ಚಿದ ಕತೆ ಕನ್ನಡದಲ್ಲಿ ಬೇಕಾದಷ್ಟು ಬಂದಿದೆ, ಬೇಗ ಹೇಳಿಬಿಡುತ್ತೇನೆ. 1913ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಪಿ. ಸಂಪತ್ ಅಯ್ಯಂಗಾರ್ ಇಲ್ಲಿ ಅದಿರು ಗುರುತಿಸಿದರು. 1975ರಲ್ಲಿ ಇರಾನಿನ ಶಹಾ ದುಡ್ಡು ಹಾಕಿ ಅದಿರು ಕೊಳ್ಳುವ ಒಪ್ಪಂದವಾಯಿತು, 1976ರಲ್ಲಿ ಕಂಪನಿ ಹುಟ್ಟಿತು. ಕಾರ್ಖಾನೆ ಸಿದ್ಧವಾಗುವಷ್ಟರಲ್ಲಿ ಅಲ್ಲಿ ಕ್ರಾಂತಿಯಾಗಿ ಶಹಾ ಓಡಿಹೋಗಿದ್ದ, ಕೊಳ್ಳುವವರೇ ಇಲ್ಲ. ಬೇರೆ ದೇಶಗಳನ್ನು ಹುಡುಕಿಕೊಂಡು ಕೆಲಸ ನಡೆಯಿತು. 1987ರಲ್ಲಿ ಸುತ್ತಲ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ಮಳೆಗಾಲದಲ್ಲಿ ಕೆಂಪಾಗಿ ಹರಿಯುವ ಭದ್ರೆಯನ್ನು ನೋಡಿದ ಕೆಳಗಿನ ಊರವರು, ಪರಿಸರದವರು ಕೂಗೆಬ್ಬಿಸಿದರು. ನಾಗರಹೊಳೆಯ ನಿವೃತ್ತ ವಲಯ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅವರ ಹೆಸರಿನಲ್ಲಿ ನಡೆದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟಿತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಆ ಗಣಿಯ ಅನ್ನ ಉಂಡು ಬೆಳೆದವಳಾದರೂ ನಿಂತದ್ದು ಸರಿ ಎಂದೇ ನನ್ನ ತೀರ್ಮಾನ. ಅಪ್ಪ ಕೊನೆಯ ತನಕ ಒಪ್ಪಲಿಲ್ಲ.

ಒಪ್ಪದಿದ್ದರೂ ಒಂದು ಲೆಕ್ಕವನ್ನು ಅವರೇ ಹೇಳಿಕೊಟ್ಟರು. ಮೂರು ಟನ್ ಬಂಡೆ ಅರೆದರೆ ಒಂದು ಟನ್ ಸೋಸಿದ ಅದಿರು. ಮಿಕ್ಕ ಎರಡು ಟನ್ನು? ಅದಕ್ಕೇ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದ್ದು. ಅದರ ಹಿಂದಿರುವುದು ನೀರಿಗಿಂತ ಹೆಚ್ಚಾಗಿ ಅರೆದ ಗುಡ್ಡದ ಹಿಟ್ಟು. ರೇಡಿಯೋ ಬಿಚ್ಚಿ ಜೋಡಿಸಿದ ಮೇಲೆ ಪೇಪರಿನ ಮೇಲೆ ಒಂದೆರಡು ಸ್ಕ್ರೂ ಉಳಿದುಬಿಡುತ್ತದಲ್ಲ, ಲಕ್ಯಾ ಅಂಥದ್ದು. ರೇಡಿಯೋದ ಸ್ಕ್ರೂವನ್ನು ಡಬ್ಬಿಗೆ ಹಾಕಿ ಮರೆಯಬಹುದು. ಲಕ್ಯಾದ ಹೂಳನ್ನು ಪ್ರತಿ ಮಳೆಗಾಲವೂ ಯಾರಾದರೂ ಕಾಯುತ್ತಲೇ ಇರಬೇಕು.

ಗಣಿ ನಿಂತ ಮೇಲೆ ಕಾಲೋನಿ ಖಾಲಿಯಾಗುತ್ತ ಬಂತು. ಲಾರಿಗೆ ಸಾಮಾನು ಹೇರುವಾಗ ಮೊದಲು ಬಿಟ್ಟುಹೋಗುತ್ತಿದ್ದದ್ದು ರೇಡಿಯೋ. ಅಷ್ಟು ಹೊತ್ತಿಗೆ ಎಲ್ಲರ ಮನೆಯಲ್ಲಿ ಡಿಶ್ ಬಂದಿತ್ತು. ಗುಜರಿಯವನು ತೂಕದ ಲೆಕ್ಕದಲ್ಲಿ ಒಯ್ದ. ಅವನ ತಕ್ಕಡಿಗೆ ಹೋಗುವ ಮುಂಚೆ ಕೆಲವನ್ನು ನಾನು ಕೇಳಿ ಇಟ್ಟುಕೊಂಡೆ. ಕಪ್ಪು ಕಡ್ಡಿಗಳು ಇನ್ನೂ ನನ್ನ ಮೇಜಿನ ಖಾನೆಯಲ್ಲಿವೆ. ಅಂಕಲ್ ಊರಿಗೆ ಹೊರಡುವಾಗ ತಮ್ಮ ಸೋಲ್ಡರಿಂಗ್ ಐರನ್ ನನಗೆ ಕೊಟ್ಟರು, ಅದರ ಮರದ ಹಿಡಿ ಅವರ ಹೆಬ್ಬೆರಳಿಗೆ ಸರಿಯಾಗಿ ಸವೆದಿತ್ತು. ನನ್ನ ಹೆಬ್ಬೆರಳು ಅಲ್ಲಿ ಕೂರುವುದಿಲ್ಲ, ಆದರೂ ಅದನ್ನೇ ಬಳಸುತ್ತೇನೆ.

ಈಗ ಬಿಚ್ಚುವುದು ಏನನ್ನು ಎಂದು ಕೇಳಿದರೆ ಸ್ವಲ್ಪ ಕಷ್ಟವೇ. ಮೊನ್ನೆ ಮಗಳ ಬ್ಲೂಟೂತ್ ಸ್ಪೀಕರ್ ಮಾತು ನಿಲ್ಲಿಸಿತು. ತಿರುಗಿಸಿ ಮುರುಗಿಸಿ ನೋಡಿದರೂ ಸ್ಕ್ರೂ ಇಲ್ಲ, ಸಂದು ಸಹ ಇಲ್ಲ, ಅಂಟು ಹಾಕಿ ಮುಚ್ಚಿದ್ದಾರೆ. ಬಿಚ್ಚಬೇಕೆಂದರೆ ಒಡೆಯಬೇಕು. ಮೊಬೈಲಿನ ಚಾರ್ಜರ್ ಅದಕ್ಕಿಂತ ಗಟ್ಟಿ ಬೀಗ. ನಮ್ಮದು ಯಂತ್ರಕ್ಕೆ ತಾವೇ ಕೈ ಹಾಕುವವರ ನಾಡಾಗಿತ್ತು. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ 30 ವ್ಯಾಟಿನ ಪ್ರೇಷಕ ಇಟ್ಟುಕೊಂಡು ಬಾನುಲಿ ಪ್ರಸಾರ ಶುರುಮಾಡಿದ್ದರು. ಮೂಡಿಗೆರೆಯಲ್ಲಿ ಲೇಖಕ ತೇಜಸ್ವಿ ತಮ್ಮ ಸ್ಕೂಟರನ್ನು ತಾವೇ ರಿಪೇರಿ ಮಾಡಿಕೊಳ್ಳುತ್ತಿದ್ದದ್ದು ಓದುಗರಿಗೆಲ್ಲ ಗೊತ್ತು. ಈ ಸೀಮೆಯ ತೋಟಗಳಲ್ಲಿ ಪಂಪ್‌ಸೆಟ್ಟು, ಕಾಫಿ ಪಲ್ಪರು ಬಿಚ್ಚಲು ಬಾರದಿದ್ದರೆ ಪ್ಲಾಂಟರಿಗೆ ನವೆಂಬರಿನಿಂದ ನಿದ್ದೆ ಇರುತ್ತಿರಲಿಲ್ಲ. ಅಂಥ ನಾಡಿನಲ್ಲಿ ಕೊಂಡವನಿಗೆ ತನ್ನ ಸಾಮಾನಿನ ಒಳಗನ್ನು ನೋಡುವ ದಾರಿಯನ್ನೇ ಮುಚ್ಚಿ ಮಾರುವುದು ದಗಲ್ಬಾಜಿ ವ್ಯಾಪಾರ ಎಂದು ನಾನಂತೂ ಹೇಳುತ್ತೇನೆ. ಕೇಂದ್ರ ಸರ್ಕಾರ 2022ರಲ್ಲಿ ರೈಟ್ ಟು ರಿಪೇರ್ ಎಂಬ ಜಾಲತಾಣ ತೆರೆದಿದೆ, ಕಂಪನಿಗಳು ರಿಪೇರಿಯ ಮಾಹಿತಿಯನ್ನು ಅಲ್ಲಿ ಕೊಡಬೇಕಂತೆ. ಒಳ್ಳೆಯದು. ಜೊತೆಗೆ ನಾಲ್ಕು ಸ್ಕ್ರೂ ಸಹ ಕೊಟ್ಟರೆ ಇನ್ನೂ ಒಳ್ಳೆಯದು.

ಅಷ್ಟರತನಕ ನಿಮ್ಮ ಅಟ್ಟದ ಮೇಲೆ ಶೆಲ್ಲಿನ ಹಳೆ ರೇಡಿಯೋ ಇದ್ದರೆ ಗುಜರಿಗೆ ಹಾಕಬೇಡಿ. ಮನೆಯ ಮಕ್ಕಳನ್ನು ಕೂರಿಸಿಕೊಂಡು ಬಿಚ್ಚಿ. ಸೋರಿದ ಶೆಲ್ಲುಗಳನ್ನು ಮೊದಲು ತೆಗೆದು ಕೈ ತೊಳೆಯಿರಿ. ಟೀವಿ, ಮೈಕ್ರೋವೇವ್, ವಾಲ್ವಿನ ದೊಡ್ಡ ರೇಡಿಯೋಗಳಿಗೆ ಮಾತ್ರ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಅವುಗಳ ಕಂಡೆನ್ಸರಿನಲ್ಲಿ ಜೀವ ತೆಗೆಯುವಷ್ಟು ಕರೆಂಟು ಉಳಿದಿರಬಹುದು. ಇರುವೆಗಳನ್ನು ಬ್ರಶ್ಶಿನಲ್ಲಿ ಗುಡಿಸಿ, ಬಾಯಲ್ಲಿ ಊದಬೇಡಿ, ಥಂಡಿ ಹತ್ತುತ್ತದೆ. ಬಣ್ಣದ ತಿರುಪುಗಳನ್ನು ಮುಟ್ಟಬೇಡಿ. ಸ್ಕ್ರೂಗಳನ್ನು ಒಂದೇ ಕಡೆ ಹಾಕಬೇಡಿ. ಡಯಲ್ ದಾರಕ್ಕೆ ಕೈ ಹಾಕುವ ಮುಂಚೆ ಅದು ಎಲ್ಲೆಲ್ಲಿ ಹೇಗೆ ಸುತ್ತಿದೆ ಎಂದು ಒಂದು ಚಿತ್ರ ಬರೆದಿಟ್ಟುಕೊಳ್ಳಿ, ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡರೂ ನಡೆಯುತ್ತದೆ.